ದೇವರ ಮನೆಯಲ್ಲಿದ್ದ ವಿಮೆ ಕಾಗದ

ನಮ್ಮ ಭಾವನ ಕಾರಿಗೆ ಬೇರೆಯವರು ಬಂದು ಬಡಿಯಬಹುದು, ಆದರೆ ಅದು ಹೋಗಿ ಯಾರಿಗಾದರೂ ಬಡಿಯುವುದು ಸಾಧ್ಯವೇ ಇಲ್ಲ ಎಂದು ನಾನು ತುಳಸಿ ಮುಟ್ಟಿ ಹೇಳುತ್ತಿದ್ದೆ. ಅಂಥ ನನ್ನ ನಂಬಿಕೆ ಕೆಟ್ಟ ದಿನ ನಾನು ಹೂಬತ್ತಿ ಮಾಡುತ್ತ ಕೂತಿದ್ದೆ. ಲಕ್ಷ ಬತ್ತಿಯ ಹರಕೆ ಹೊತ್ತವಳಿಗೆ ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಅಷ್ಟರಲ್ಲಿ ಎದುರು ಮನೆಯ ಗೌಡತಿ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. ನಮ್ಮ ಓಣಿಗೆಲ್ಲ ಆಗ ಫೋನ್ ಇದ್ದದ್ದು ಅವಳ ಮನೆಯಲ್ಲಷ್ಟೇ.

“ವೈನೀ, ಕಮಲಾಪುರದಿಂದ ಫೋನ್ ಬಂದಿತ್ರಿ. ನಿಮ್ಮ ಭಾವನೋರ ಕಾರು ಒಬ್ಬಾಕಿಗೆ ಬಡದದಂತ. ಠಾಣಾದಾಗ ಕುಂತಾರಂತ.”

“ಯಾವ ಭಾವ?” ಎಂದೆ ನಾನು. ನನಗಿರುವುದು ಒಬ್ಬರೇ ಭಾವ.

ನಮ್ಮವರ ಅಣ್ಣ ಅವರು. ನೀರಾವರಿ ಕಚೇರಿಯಲ್ಲಿ ನಕಾಶೆ ಬರೆಯುವ ನೌಕರಿ ಮಾಡಿ ನಿವೃತ್ತರಾದವರು. ಹೆಂಡತಿ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದರು. ನಿವೃತ್ತಿಯಾದ ವರ್ಷ ಬೂದಿ ಬಣ್ಣದ ಒಂದು ಹಳೆಯ ಕಾರು ಕೊಂಡರು. ಕೊಂಡರೇನೋ ಸರಿ, ಓಡಿಸಬೇಕಲ್ಲ? ಒಮ್ಮೆ ಅರಿಶಿನ ಕುಂಕುಮಕ್ಕೆಂದು ನನ್ನನ್ನು ಸ್ಟೇಶನ್ ಬಜಾರದಿಂದ ಕುಸನೂರಿಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಮೋಮಿನಪುರದ ಸಾಬಿಯೊಬ್ಬ ನಮ್ಮ ಪಕ್ಕಕ್ಕೆ ಬಂದು, ಕಿಟಕಿಯೊಳಗೆ ಇಣುಕಿ, “ಕ್ಯಾ ಸಾಬ್, ಧಕ್ಕಾ ಮಾರೂಂ ಕ್ಯಾ?” ಎಂದು ಕೇಳಿದ, ಹಿಂದಿನಿಂದ ನೂಕಲು ಸಿದ್ಧನಾದವನಂತೆ.

“ಬ್ಯಾಡಪಾ, ಗಾಡಿ ಕೆಟ್ಟಿಲ್ಲ. ಹೊಂಟದ,” ಎಂದರು ಭಾವ.

ಅವನು ಗಾಲಿಗಳನ್ನು ಒಮ್ಮೆ ನೋಡಿ, ನಂಬಿಕೆ ಬಾರದವನಂತೆ ಮುಂದೆ ಹೋದ. ನಾವು ಮುಟ್ಟುವುದರೊಳಗೆ ಅರಿಶಿನ ಕುಂಕುಮ ಮುಗಿದು, ಆ ಮನೆಯವರು ಚಾಪೆ ಸುತ್ತಿಡುತ್ತಿದ್ದರು. ಉಡಿಗೆ ಒಂದು ತೆಂಗಿನಕಾಯಿ ಉಳಿದಿತ್ತು, ಅದೇ ಪುಣ್ಯ.

ಇಷ್ಟು ನಿಧಾನಸ್ಥರಿಗೆ ವಿಮೆಯ ವಿಷಯದಲ್ಲಿ ಮಾತ್ರ ಎಲ್ಲಿಲ್ಲದ ಅವಸರ. ಮುದ್ದತಿ ಮುಗಿಯುವ ಹಿಂದಿನ ದಿನವೇ ವಿಮೆ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆದರೆ ಆ ಕಾಗದವನ್ನು ಕಾರಿನಲ್ಲಿ ಇಡುತ್ತಿದ್ದರೇ? ಇಲ್ಲ. “ಗಾಡಿಯೊಳಗ ವಿಮಾ ಕಾಗದ ಇಡೂದಂದ್ರ ಅಪಘಾತಕ್ಕ ಲಗ್ನಪತ್ರಿಕಿ ಕೊಟ್ಟಂಗ, ತಂಗಿ,” ಎನ್ನುತ್ತಿದ್ದರು. ಹೀಗಾಗಿ ಅದು ನಮ್ಮ ದೇವರ ಮನೆಯಲ್ಲಿ, ವೆಂಕಟರಮಣನ ಪಟದ ಮುಂದೆ ಇರುತ್ತಿತ್ತು.

ಒಂದು ಸಲ ಚೌಕದಲ್ಲಿ ಪೊಲೀಸಿನವನು ತಡೆದು ಇನ್ಶೂರೆನ್ಸ್ ತೋರಿಸಿ ಎಂದ. ಮನೆಯಲ್ಲಿ ದೇವರ ಮುಂದಿದೆ ಎಂದರು ಭಾವ.

“ದೇವ್ರ ಮುಂದ ಇಟ್ರ ನಾ ಹ್ಯಾಂಗ ನೋಡ್ಲ್ರಿ ಸರ?”

“ಕೂಡ್ರಿ ಗಾಡಿಯೊಳಗ. ನೋಡಿ, ಚಹಾ ಕುಡದು ಬರೀರಂತ.”

ಅವನನ್ನು ನಿಜವಾಗಿಯೂ ಮನೆಗೆ ಕರೆತಂದರು. ಆ ಬಡಪಾಯಿ ಬೂಟು ಬಿಚ್ಚಿ, ಕಾಲು ತೊಳೆದು, ದೇವರ ಮನೆಯ ಹೊಸ್ತಿಲಲ್ಲಿ ನಿಂತು ಕಾಗದ ನೋಡಿದ. ಕೈ ತಾನೇ ಮುಗಿದುಕೊಂಡಿತು. ನಾನು ತೀರ್ಥ ಕೊಟ್ಟೆ, ಅವಲಕ್ಕಿ ಕೊಟ್ಟೆ. ಹೋಗುವಾಗ “ನಾ ನಡಕೋತ ಹೋಗ್ತೀನ್ರಿ ಸರ, ಡ್ಯೂಟಿಗೆ ಲೇಟ್ ಆಗ್ತದ,” ಎಂದ. ಅಂದಿನಿಂದ ಆ ಚೌಕದಲ್ಲಿ ಬೂದಿ ಬಣ್ಣದ ಕಾರು ಕಂಡರೆ ಅವನು ಬೇರೆ ಕಡೆ ಮುಖ ತಿರುಗಿಸುತ್ತಿದ್ದನಂತೆ.

ಇಂಥವರು ಯಾರಿಗೆ ಹೇಗೆ ಬಡಿದರು? ಕಮಲಾಪುರದ ಕೆಂಪು ಬಾಳೆಹಣ್ಣು ದೇವರಿಗೆ ಬಹಳ ಶ್ರೇಷ್ಠವೆಂದು ಒಂದು ಚಿಪ್ಪು ತರಲು ಹೋಗಿದ್ದರು. ರಸ್ತೆಯ ಏರಿನಲ್ಲಿ ಕಾರು ನಿಲ್ಲಿಸಿ, ಇಳಿದು, ಹಣ್ಣು ಮಾರುವ ಶರಣಮ್ಮನೊಡನೆ ಚೌಕಾಸಿ ಮಾಡುತ್ತಿದ್ದರು. ಕೈ ಬ್ರೇಕು ಹಾಕುವುದು ಮರೆತಿತ್ತು. ಕಾರು ಹಿಂದಕ್ಕೆ ಉರುಳಿ, ಅವಳ ಕಾಲನ್ನು ಕಟ್ಟೆಗೆ ಒತ್ತಿ ಹಿಡಿಯಿತು. ಭಾವ ಒಳಗಿದ್ದಿದ್ದರೆ ಅದು ಅಷ್ಟು ಜೋರಾಗಿ ಹೋಗುತ್ತಲೇ ಇರಲಿಲ್ಲ.

ಅವಳನ್ನು ಅದೇ ಕಾರಿನಲ್ಲಿ ಮಲಗಿಸಿ ನಮ್ಮ ಕಲಬುರ್ಗಿಯ ದೊಡ್ಡ ಆಸ್ಪತ್ರೆಗೆ ತಂದು, ತಾವೇ ತಿರುಗಿ ಕಮಲಾಪುರಕ್ಕೆ ಹೋಗಿ ಠಾಣೆಯಲ್ಲಿ ಕೂತಿದ್ದರು. ನಾನು ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಓಡಿದೆ. ಎರಡು ಕಡೆ ಎಲುಬು ಮುರಿದಿತ್ತು. ನನ್ನನ್ನು ನೋಡಿ ಆಕೆ ಹೇಳಿದ ಮೊದಲ ಮಾತು: “ಯವ್ವಾ, ಆ ಮುತ್ಯಾ ಗಾಡಿ ಏನ್ ಜೋರ್ ಹೊಡದ್ನಬೇ. ಕಾಲಿನ ಬ್ಯಾನಿ ಮರ್ತು ಜೀವದ ಚಿಂತಿ ಹತ್ತಿತ್ತು ನನಗ.” ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರಾಣಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಅದೊಂದನ್ನು ದೇವರ ಲೆಕ್ಕಕ್ಕೆ ಬರೆದುಕೊಂಡೆ.

ಏಳು ದಿನದೊಳಗೆ ವಿಮೆ ಕಾಗದ ತಂದು ತೋರಿಸಬೇಕೆಂದು ಹೇಳಿ ಠಾಣೆಯ ಫೌಜದಾರರು ಭಾವನನ್ನು ಬಿಟ್ಟರು. ಕಾಗದವಿದ್ದರೆ ಶರಣಮ್ಮನ ಕಾಲಿಗೆ ವಿಮೆಯವರು ಪರಿಹಾರ ಕೊಡಬೇಕಾಗುತ್ತದೆ. ಇಲ್ಲದಿದ್ದರೆ ಭಾವನ ಮೇಲೆ ಇನ್ನೊಂದು ಕೇಸು, ಆಕೆಗೆ ಬರಿಗೈ. ಪಿಂಚಣಿಯ ಮುದುಕರಿಂದ ಆಕೆಗೆ ಏನು ಸಿಕ್ಕೀತು?

ನಾವು ನಿಶ್ಚಿಂತರಾಗಿ ದೇವರ ಮನೆಗೆ ಹೋದೆವು. ನಮ್ಮವರು ಕಾಗದ ಬಿಡಿಸಿದರು. ಅದರಲ್ಲಿ ಅಕ್ಷರವೇ ಇರಲಿಲ್ಲ. ಇದ್ದದ್ದು ಗಂಧ.

ಹಚ್ಚಿದವಳು ನಾನೇ. ದೇವರ ಮುಂದೆ ಇದ್ದದ್ದಕ್ಕೆಲ್ಲ ದಿನವೂ ಗಂಧ ಅಕ್ಷತೆ ಏರಿಸುವುದು ನಮ್ಮ ಅತ್ತೆಯವರು ಕಲಿಸಿದ ಪದ್ಧತಿ. ಘಂಟೆಗೆ ಹಚ್ಚಿದೆ, ಶಂಖಕ್ಕೆ ಹಚ್ಚಿದೆ, ಕಾಗದವೊಂದನ್ನು ಹೇಗೆ ಬಿಡಲಿ? ಆರು ತಿಂಗಳ ಗಂಧ ತೀರ್ಥದಲ್ಲಿ ನೆನೆದು, ಒಣಗಿ, ನಂಬರು ತಾರೀಖು ಎಲ್ಲ ಹಳದಿ ಹೆಪ್ಪಾಗಿ ಕೂತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ, ಗಂಧದ ಜೊತೆಗೆ ಕಾಗದವೂ ಎದ್ದು ಬಂತು. ಹೋಗಲಿ, ಹಳೆಯ ವರ್ಷದ್ದಾದರೂ ಇದೆಯೇ ಎಂದರೆ, ಪೂಜೆಯಾದದ್ದನ್ನು ಕಸಕ್ಕೆ ಹಾಕಬಾರದೆಂದು ಭಾವ ಅವನ್ನೆಲ್ಲ ನಿರ್ಮಾಲ್ಯದ ಜೊತೆ ಬಾವಿಗೆ ಬಿಟ್ಟಿದ್ದರು.

ನಮ್ಮವರು ತಲೆಯ ಮೇಲೆ ಕೈ ಹೊತ್ತು ಕೂತರು. “ಅಣ್ಣಾ, ಗಾಡಿಯೊಳಗ ಯಾರೂ ಇದ್ದಿಲ್ಲ. ತಾನೇ ಉರುಳಿತು, ನನ್ನ ತಪ್ಪಲ್ಲಂತ ಬರೆದು ಕೊಟ್ಟುಬಿಡು,” ಎಂದರು.

ಭಾವ ಸಿಟ್ಟಾಗಲಿಲ್ಲ. “ಈ ಕಾಗದ ನನ್ನ ಸಂಬಂಧ ಅಲ್ಲೋ. ನಾ ಯಾರಿಗೆ ಬಡೀತೇನೋ ಅವರ ಸಂಬಂಧ. ಯಾರಂತ ಗೊತ್ತಿದ್ದಿಲ್ಲ ಇಷ್ಟು ದಿನ. ಈಗ ಗೊತ್ತಾತು,” ಎಂದರು.

ವಿಮೆ ಕಚೇರಿಗೆ ನಾನೂ ಹೋದೆ. ತಪ್ಪು ನನ್ನದಲ್ಲವೇ? ಅಲ್ಲಿಯ ಗುಮಾಸ್ತರು ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು, ಮೂಸಿದರು.

“ಕರ್ಪೂರದ ವಾಸನಿ ಬರ್ತದಲ್ರೀ,” ಎಂದರು. “ನಂಬರ್ ಇಲ್ಲ, ತಾರೀಖ್ ಇಲ್ಲ. ಇಡೀ ವರ್ಷದ ರಿಜಿಸ್ಟರ್ ಯಾರ್ ತಿರುವ್ಯಾಕ್ಬೇಕ್ರಿ? ಯಾವಾಗ ಕಟ್ಟೀರಿ, ಅದಾದ್ರೂ ಹೇಳ್ರಿ.”

ಭಾವನಿಗೆ ಚಳಿಗಾಲದ ಮುಂದೆ ಎಂಬುದಷ್ಟೇ ನೆನಪು. ಹೀಗೇ ಐದು ದಿನ ಅಲೆದೆವು. ಆರನೆಯ ದಿನ ಅಲ್ಲಿಯ ಬೆಂಚಿನ ಮೇಲೆ ಕೂತು ಅಳುವುದೊಂದು ಬಾಕಿ ಇತ್ತು ನನಗೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏಕಾದಶಿ ಎಂದಿಗೆ ಎಂದು ಸುಮ್ಮನೆ ನೋಡಿದೆ, ಅದು ನನ್ನ ಚಟ. ನೋಡುತ್ತಿದ್ದಂತೆ ನೆನಪಾಯಿತು: ಭಾವ ಆ ಕಾಗದ ತಂದಾಗ ನಾನು ತುಳಸಿಕಟ್ಟೆಗೆ ಕಬ್ಬು ಕಟ್ಟುತ್ತಿದ್ದೆ. ನನ್ನ ಕೈ ಖಾಲಿ ಇಲ್ಲವೆಂದು ಅವರು ಅದನ್ನು ನೆಲ್ಲಿ ಟೊಂಗೆಯ ಮೇಲೆ ಸಿಕ್ಕಿಸಿದ್ದರು.

“ತುಳಸಿ ಲಗ್ನದ ದಿನ ರೀ,” ಎಂದೆ. “ಕಾರ್ತಿಕ ಶುದ್ಧ ದ್ವಾದಶಿ.”

“ನಮ್ಮ ರಿಜಿಸ್ಟರಿನ್ಯಾಗ ದ್ವಾದಶಿ ಇರೂದಿಲ್ರಿ ತಾಯಿ,” ಎಂದರು ಗುಮಾಸ್ತರು, ಆದರೂ ಎದ್ದು ಹಳೆಯ ಕ್ಯಾಲೆಂಡರ್ ಹುಡುಕಿದರು. ತಾರೀಖು ಸಿಕ್ಕಿತು. ಆ ದಿನದ ಪುಟದಲ್ಲಿ ಭಾವನ ಹೆಸರು ಇತ್ತು. ವಿಮೆ ಜಾರಿಯಲ್ಲಿದೆ ಎಂದು ಮೊಹರು ಹೊಡೆದು ಬರೆದುಕೊಟ್ಟರು. ಏಳನೆಯ ದಿನ ಭಾವ ಅದನ್ನು ಫೌಜದಾರರ ಮೇಜಿನ ಮೇಲೆ ಇಟ್ಟು ಬಂದರು.

ಇಲ್ಲಿಗೆ ಸುಖವಾಗಬೇಕಿತ್ತು. ಆದರೆ ವಿಮೆ ಇದೆ ಎಂದು ತೋರಿಸುವುದು ಬೇರೆ, ಅದು ಆಕೆಯ ಕೈ ಸೇರುವುದು ಬೇರೆ ಎಂದರು ವಕೀಲರು. ಕೋರ್ಟು ನಿರ್ಣಯ ಮಾಡಬೇಕು, ವರ್ಷಗಳೇ ಹಿಡಿಯಬಹುದು. ಕಾಲು ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರೂ ಹೇಳಿಬಿಟ್ಟರು. ನನ್ನ ಎಣಿಕೆಯೆಲ್ಲ ತಪ್ಪಿಹೋದಂತಾಯಿತು.

ಭಾವ ಕಾರನ್ನು ಮುಚ್ಚಿಟ್ಟು, ದಿನವೂ ಬೆಳಿಗ್ಗೆ ಬಸ್ಸಿಗೆ ಹೋಗತೊಡಗಿದರು. ಕೋರ್ಟಿನ ಕೆಲಸವಿರಬೇಕು ಎಂದುಕೊಂಡೆವು. ಹದಿನೈದು ದಿನ ಕಳೆದಿರಬೇಕು, ಹುಮನಾಬಾದಿನ ಬೀಗರ ಮನೆಗೆ ಹೋಗಿದ್ದ ಗೌಡತಿ ಮರಳಿ ಬಂದವಳೇ ನಮ್ಮ ಮನೆಗೆ ಬಂದಳು.

“ವೈನೀ, ಭಾವನೋರು ಕಮಲಾಪುರದಾಗ ಬಾಳಿಹಣ್ಣ ಮಾರ್ಲಾಕತ್ಯಾರ್ರಿ. ಬಸ್ಸಿನ್ಯಾಗಿಂದ ನೋಡ್ದೆ. ಕರಿ ಟೊಪ್ಪಿಗಿ ಹಾಕ್ಕೊಂಡು ಬುಟ್ಟಿ ಮುಂದ ಕುಂತಾರ.”

ಸಂಜೆ ಅವರು ಬಂದಾಗ ಕೇಳಿದೆ.

“ಹೌದು ತಂಗಿ,” ಎಂದರು, ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕುತ್ತ. “ಆಕಿ ಎದ್ದು ಬರೂತನಕಾ ಆ ಜಾಗಾ ಬ್ಯಾರೆಯವರು ಹಿಡೀಬಾರದಲ್ಲ. ಮಾರ್ಲಿಕ್ಕೆ ನನಗೆಲ್ಲಿ ಬರ್ತದ? ಡಜನ್ ಕೇಳಿದವರಿಗೆ ಹದಿನಾಲ್ಕು ಕೊಟ್ಟು ಕಳಿಸ್ತೇನಿ. ಹಣ್ಣು ತಂದು ಕೊಡೂ ಆಕಿ ಅತ್ತಿ ದಿನಾ ಬೈತಾಳ.”

“ಮಧ್ಯಾಹ್ನ ಊಟಕ್ಕೇನು ಮಾಡ್ತೀರಿ ಭಾವಾ? ಹಣ್ಣು ತಿಂತೀರಿ?”

“ಛೇ, ಅವು ಆಕಿವು,” ಎಂದರು.

ಹದಿನೈದು ದಿನದಿಂದ ಈ ಮನುಷ್ಯ ಬಿಸಿಲಿನಲ್ಲಿ ಹಸಿದು ಕೂತಿದ್ದರು, ಮುಂದೆ ಹಣ್ಣಿನ ಬುಟ್ಟಿ ಇಟ್ಟುಕೊಂಡು. ಅಡುಗೆ ಮನೆಗೆ ಹೋಗಿ, ನಾಳೆ ಅವರ ಬುತ್ತಿಗೂ ಶರಣಮ್ಮನ ಅತ್ತೆಗೂ ಆಗುವಷ್ಟು ಜೋಳದ ಹಿಟ್ಟು ತೆಗೆದು ಸಾಣಿಸತೊಡಗಿದೆ.