ಸಮದೃಷ್ಟಿಯಿಂದ ಕಾಯಿ ಒಡೆಸಿದ್ದು

ನಿವೃತ್ತ ಮುಖ್ಯೋಪಾಧ್ಯಾಯನಾದ ನನಗೆ ಆಡಳಿತ ಗೊತ್ತಿಲ್ಲ ಎಂದು ಹೇಳುವ ಧೈರ್ಯ ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ಒಬ್ಬರಿಗೆ ಮಾತ್ರ ಇದೆ. ನನ್ನ ಹೆಂಡತಿ ಗಿರಿಜಳಿಗೆ. ತೆಂಗಿನ ತೋಟ, ಕೊಬ್ಬರಿ, ಆಳುಕಾಳು ಎಲ್ಲಾ ಅವಳದೇ ಕಾರುಬಾರು. ಹೀಗಿರುವಾಗ ನಾನು ತುಮಕೂರಿನಲ್ಲಿ ಶಾಸ್ತ್ರಗಳಿಂದ ನಾಯಕತ್ವ ಕಲಿಸುವ ಒಂದು ದಿನದ ಶಿಬಿರಕ್ಕೆ ಹೋಗಿಬಂದೆ. ಊಟ ಚೆನ್ನಾಗಿತ್ತು. ಸರ್ಟಿಫಿಕೇಟನ್ನೂ ಕೊಟ್ಟರು!

ಅದೇ ವಾರ ಒಂದು ಬೆಳಿಗ್ಗೆ ಗಿರಿಜ ಚಿಕ್ಕನಾಯಕನಹಳ್ಳಿಯ ತಂಗಿ ಮನೆಗೆ ಹೊರಟಳು.

“ರೀ, ನಾಳೆ ಉಂಡೆ ಕೊಬ್ಬರಿ ತಿಪಟೂರು ಮಾರ್ಕೆಟ್ಟಿಗೆ ಹೋಗ್ಬೇಕು. ಉಂಡೆ ಇಡಿಯಾಗಿ ಬಂದ್ರೇನೇ ಬೆಲೆ. ಇವತ್ತು ಗಂಗಮ್ಮ ಕಾಯಿ ಒಡೀತಾಳೆ. ನೀವು ಸುಮ್ನೆ ಕುರ್ಚಿ ಮೇಲೆ ಕೂತಿರಿ, ಸಾಕು.”

ನಾನು ಕೂರುವುದೇ!

ನಮ್ಮ ತೋಟದ ಆಳು ಗಂಗಮ್ಮ ಅಟ್ಟದಿಂದ ಇಳಿಸಿದ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಗಡಗಡ ಎಂದರೆ ಒಡೆಯುವ ರಾಶಿಗೆ, ಇಲ್ಲದಿದ್ದರೆ ಒಣಗಲು ಮತ್ತೆ ಅಟ್ಟಕ್ಕೆ. ನೋಡಿ ನನಗೆ ಮೈ ಉರಿಯಿತು. ಇದು ಶುದ್ಧ ಭೇದಭಾವ!

“ಗಂಗಮ್ಮ, ನಾಯಕನಾದವನಿಗೆ ಸಮದೃಷ್ಟಿ ಇರಬೇಕು ಅಂತ ಶಾಸ್ತ್ರ ಹೇಳುತ್ತೆ. ಎಲ್ಲಾ ಕಾಯೂ ಒಂದೇ. ಒಡೀರಿ!”

“ಮೇಷ್ಟ್ರೇ, ಹಸೀವೂ ಅವೆ ಕಣ್ರೀ. ಅಮ್ಮಾವ್ರು ಬೈತಾರೆ.”

“ಬೈಗುಳವನ್ನೂ ಹೊಗಳಿಕೆಯನ್ನೂ ಒಂದೇ ಥರ ಕಾಣಬೇಕಮ್ಮ.”

“ಬೈಯೋದು ನಿಮಗೆ ಕಣ್ರೀ!”

ಮೊದಲ ನಾಲ್ಕು ಕಾಯಿಗಳಿಂದ ದುಂಡನೆಯ ಕೊಬ್ಬರಿ ಬಂತು. ನಾನು ಮೀಸೆ ತಿರುವಿದೆ. ಐದನೆಯದರಿಂದ ನೀರು ನನ್ನ ಕನ್ನಡಕಕ್ಕೆ ಹಾರಿತು. ಆಮೇಲೆ ಚಿಪ್ಪಿಗೆ ಅಂಟಿದ ಹಸಿ ಕೊಬ್ಬರಿ ಚೂರುಚೂರಾಗಿ ಬರತೊಡಗಿತು. ಗಂಗಮ್ಮ ಮಚ್ಚು ಕೆಳಗಿಟ್ಟಳು. ನಾಯಕ ತಾನೇ ಮಾಡಿ ತೋರಿಸಬೇಕೆಂದು ಮಚ್ಚು ನಾನೇ ತೆಗೆದುಕೊಂಡೆ. ಚೆನ್ನಾಗಿ ಒಣಗಿದ್ದವೂ ನನ್ನ ಕೈಯಲ್ಲಿ ಹೋಳಾದವು!

ಸಂಜೆ ಗಿರಿಜ ಬಂದು ರಾಶಿಯ ಮುಂದೆ ನಿಂತಳು. ನಾಯಕ ನಿರ್ವಿಕಾರನಾಗಿರಬೇಕು ಎಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ನಾನು ನಿರ್ವಿಕಾರನಾಗಿಯೇ ಮಚ್ಚನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

“ಹತ್ತು ತಿಂಗಳು ಅಟ್ಟದಲ್ಲಿ ಕಾಪಾಡಿದ್ದೆ ಕಣ್ರೀ” ಎಂದಳು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಮಾರ್ಕೆಟ್ಟಿಗೆ ಹೋಗಬೇಕಿದ್ದ ಕೊಬ್ಬರಿ ಚೂರುಗಳಾಗಿ ತಾರಸಿಗೆ ಹೋಯಿತು, ಒಣಗಲು. ಜೊತೆಗೆ ನಾನೂ ಹೋದೆ, ಕಾಗೆ ಓಡಿಸಲು. ಪಕ್ಕದ ಮನೆಯ ಬಸವರಾಜು ರಸ್ತೆಯಿಂದಲೇ ಕೂಗಿದ.

“ಏನ್ ಮೇಷ್ಟ್ರೇ, ಬಿಸಿಲಲ್ಲಿ ತಪಸ್ಸಾ?”

“ಇಲ್ಲ ಕಣಪ್ಪ, ಆಡಳಿತ ಮಾಡ್ತಾವ್ರೆ!” ಕೆಳಗಿನಿಂದ ಗಿರಿಜ ಉತ್ತರ ಕೊಟ್ಟಳು.

ನಾನು ಗಾಂಭೀರ್ಯದಿಂದ ಕೋಲು ಎತ್ತಿದೆ. ಕಾಗೆ ಒಮ್ಮೆ ನನ್ನನ್ನು ನೋಡಿತು. ಹಾರಲಿಲ್ಲ. ಇನ್ನೊಂದು ಚೂರು ಆರಿಸಿಕೊಂಡಿತು!