ಏಳನೇ ನಿಯಮ ಮತ್ತು ಆರಾಮ ಕುರ್ಚಿ

ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಆರಾಮ ಕುರ್ಚಿ ಇದೆ. ತೇಗದ್ದು, ಬೆತ್ತದ ಹೆಣಿಗೆಯದ್ದು. ದುಡ್ಡು ನನ್ನದು. ಆದರೆ ನಾನು ಇದನ್ನು ಬರೆಯುತ್ತಿರುವುದು ಒಂದರ ಮೇಲೊಂದು ಪೇರಿಸಿಟ್ಟ ಬಿಳಿ ಕಾಗದದ ಬಂಡಲುಗಳ ಮೇಲೆ ಕೂತು. ಹೀಗೇಕೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಉಳಿದಿಲ್ಲ.

ಮಗಳು ಹರ್ಷದಾ ಗಚ್ಚಿಬೌಲಿ ಕಡೆಯ ಕಾಲೇಜಿಗೆ ಮೊದಲ ವರ್ಷಕ್ಕೆ ಸೇರಿದಳು. ಸೇರಿದ ವಾರವೇ ಕೈಖರ್ಚಿಗೆ ತಿಂಗಳಿಗೆ ಮೂರು ಸಾವಿರ ಬೇಕೆಂದಳು. ಬೇಡಿಕೆಯಲ್ಲಿ ಮೊತ್ತ ಇತ್ತು, ಸಮರ್ಥನೆ ಇರಲಿಲ್ಲ. ನಾನು ಸರ್ಕಾರಿ ಲೆಕ್ಕಪತ್ರ ಕಚೇರಿಯಲ್ಲಿ ಮೂವತ್ತು ವರ್ಷ ಮಂದಿಯ ಖರ್ಚಿಗೆ ಅಡ್ಡಗಾಲು ಹಾಕಿ ಸೂಪರಿಂಟೆಂಡೆಂಟ್ ಆದವನು. (ನಮ್ಮಜ್ಜ ಬೀದರಿನಿಂದ ಬಂದು ಇದೇ ಹೈದರಾಬಾದಿನ ಖಜಾನೆಯಲ್ಲಿ ಗುಮಾಸ್ತರಾಗಿದ್ದರು. ಅಡ್ಡಗಾಲು ನಮ್ಮ ಮನೆತನದ ಕಸುಬು.) ಹಾಗೆ ಸುಮ್ಮನೆ ಮೂರು ಸಾವಿರ ಎತ್ತಿ ಕೊಡುವುದು ನನ್ನಿಂದಾಗಲಿಲ್ಲ.

ಒಂದು ಭಾನುವಾರ ಕೂತು 'ಕೈಖರ್ಚು ನಿಯಮಾವಳಿ' ರಚಿಸಿದೆ. ಪ್ರಯಾಣ, ಉಪಾಹಾರ, ಲೇಖನ ಸಾಮಗ್ರಿ ಎಂದು ಶೀರ್ಷಿಕೆಗಳು. ಒಂದರ ಹಣ ಇನ್ನೊಂದಕ್ಕೆ ಹೋಗಬಾರದು. ಖರ್ಚಿಗೆಲ್ಲ ರಸೀದಿ ಬೇಕು. ಈ ಕಿರೀಟಕ್ಕೆ ಏಳನೇ ನಿಯಮವೇ ರತ್ನ: ತಿಂಗಳ ಕೊನೆಗೆ ಕೈಯಲ್ಲಿ ಉಳಿದ ಸಮಸ್ತ ಶಿಲ್ಕು, ಮಂಜೂರು ಮಾಡಿದವರಿಗೇ ಮರಳತಕ್ಕದ್ದು. ಇನ್ನು, ನಿಯಮದಲ್ಲಿ ಹೆಸರು ಹಿಡಿದು ಬರೆಯುವುದು ಅನನುಭವಿಗಳ ಲಕ್ಷಣ. ಆದ್ದರಿಂದ ಹರ್ಷದಾ ಎಂದು ಬರೆಯದೆ 'ಈ ಮನೆಯಲ್ಲಿ ಕೈಖರ್ಚು ಪಡೆಯುವ ಯಾವುದೇ ವ್ಯಕ್ತಿ' ಎಂದು ಬರೆದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನನ್ನ ಹೆಂಡತಿ ಅನುರಾಧಾ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ನಿಮ್ಮ ಮಂಜೂರಿ ಬರೂತನಕ ಕೂಸಿನ ಚಹಾ ಆರಿ ನೀರಾಗತೈತ್ರಿ."

"ಶಿಸ್ತು ಕಲೀಲಿ. ರೊಕ್ಕ ಉಳಸೂದು ಕಲೀಲಿ."

"ಉಳಿಸಿದ್ದು ನೀವು ಕಸಗೊಂಡ್ರ ಆಕಿ ಯಾಕ ಉಳಸ್ತಾಳ?"

ಈ ಪ್ರಶ್ನೆಗೆ ಇಡೀ ಸರ್ಕಾರದಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದೆ ಎಂದು ನೆನಪಿಸಿ ಹೊರಬಂದೆ. ಹರ್ಷದಾ ಮಾತ್ರ ಜಗಳ ತೆಗೆಯಲಿಲ್ಲ. ಎರಡು ಸಲ ಓದಿ, ಕೆಳಗೆ ನನ್ನ ಸಹಿ ಹಾಕಿಸಿಕೊಂಡು, ಜೋಪಾನವಾಗಿ ಒಳಗಿಟ್ಟಳು. ನನ್ನ ರಕ್ತವೇ ಹೌದು ಎಂದು ಹಿಗ್ಗಿದೆ.

ಮೊದಲ ತಿಂಗಳು ಗೆಳತಿ ಪೂರ್ವಿಯ ಸ್ಕೂಟರಿನ ಹಿಂದೆ ಕೂತು ಓಡಾಡಿ ಏಳುನೂರು ರೂಪಾಯಿ ಉಳಿಸಿದಳು. ಚಪ್ಪಲಿ ಕೊಳ್ಳುತ್ತೇನೆ ಎಂದು ಕುಣಿಯುತ್ತ ಬಂದಳು. ನಾನು ಏಳನೇ ನಿಯಮ ತೋರಿಸಿ ಹಣ ವಾಪಸು ಪಡೆದೆ. ಅವಳ ಮುಖ ಸಪ್ಪಗಾಯಿತು. ನನಗೂ ಕರುಳು ಚುರುಕ್ ಎಂದಿತು, ಆದರೆ ಕರುಳಿಗೆ ನಿಯಮಾವಳಿಯಲ್ಲಿ ಶೀರ್ಷಿಕೆ ಇರಲಿಲ್ಲ.

ಎರಡನೇ ತಿಂಗಳ ಕೊನೆಯ ವಾರ ಅವಳು ಪ್ರಯಾಣದ ಹಣ ತೀರಿಸಲು ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ ಕೊನೆಯ ಸ್ಟೇಷನ್ನಿಗೆ ಹೋಗಿ, ತಂಪಿನಲ್ಲಿ ಪಾಠ ಓದುತ್ತ ವಾಪಸು ಬಂದಳು. ಮರುದಿನವೂ ಅದೇ. ಉಪಾಹಾರದ ಹಣದಲ್ಲಿ ಇಡೀ ಬೆಂಚಿಗೆ ಇರಾನಿ ಚಹಾ ಕುಡಿಸಿದಳು. ಬೇಗಂ ಬಜಾರಿನಿಂದ ಸಗಟು ದರದಲ್ಲಿ ಕಾಗದದ ಬಂಡಲುಗಳನ್ನು ಆಟೋದಲ್ಲಿ ಹೇರಿಕೊಂಡು ಬಂದಳು. ಆಟೋ ಬಾಡಿಗೆ ಪ್ರಯಾಣದ ಶೀರ್ಷಿಕೆಗೆ. ರಸೀದಿಗಳೆಲ್ಲ ಸರಿಯಾಗಿದ್ದವು, ಶಿಲ್ಕು ಸೊನ್ನೆ. ಉಳಿದ ಹಣ ವಾಪಸು ಹೋಗದಿರಲೆಂದು ಮಾರ್ಚ್ ಕೊನೆಯಲ್ಲಿ ಎಲ್ಲ ಇಲಾಖೆಗಳೂ ಮಾಡುವುದು ಇದನ್ನೇ, ಹಾಗಾಗಿ ನನಗೆ ಆಕ್ಷೇಪಣೆ ಬರೆಯಲು ಜಾಗವಿರಲಿಲ್ಲ.

ಬರೆಯಲಾಗದಿದ್ದರೆ ಉಪದೇಶಿಸಬಹುದಲ್ಲ. ಇಲ್ಲಿ ನನ್ನ ಹಣಕಾಸಿನ ಸ್ಥಿತಿ ಹೇಳಬೇಕು. ನನ್ನ ಸಂಬಳ, ಮಗಳ ಮೂರು ಸಾವಿರ ಬಿಟ್ಟು, ಬಂದ ದಿನವೇ ಅನುರಾಧಾಳ ಕೈಸೇರುತ್ತದೆ. ಅವಳು ತಿಂಗಳಿಗೆ ನಾಲ್ಕು ಸಾವಿರ ನನಗೆ ಕೊಡುತ್ತಾಳೆ. ಅದರಲ್ಲಿ ಉಸ್ಮಾನಿಯಾ ಬಿಸ್ಕೀಟು ಬಿಟ್ಟು, ಆಟೋ ಬಿಟ್ಟು, ಎರಡು ವರ್ಷ ಹಣ ಕೂಡಿಟ್ಟಿದ್ದೆ. ಬರುವ ವರ್ಷ ನನ್ನ ನಿವೃತ್ತಿ. ಸರ್ಕಾರಿ ಕುರ್ಚಿ ನನ್ನ ಸೊಂಟ ತಿಂದಿದೆ. ಒಂದು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಪೇಪರು ಓದುವುದೊಂದೇ ನನಗಿದ್ದ ಆಸೆ. ಶನಿವಾರಗಳಂದು ಕುರ್ಚಿ ಅಂಗಡಿಗೆ ಹೋಗಿ ಅಂಥದ್ದೊಂದರಲ್ಲಿ ಕೂತು ಬಂದು, ಮನೆಯಲ್ಲಿ ಅದನ್ನೇ ಹೊಗಳುತ್ತಿದ್ದೆ.

ಕಪಾಟಿನಿಂದ ಡಬ್ಬಿ ತೆಗೆದು ಮಗಳ ಮುಂದಿಟ್ಟೆ.

"ನೋಡು. ಹದಿನೆಂಟು ಸಾವಿರ. ಉಳಸೂದು ಅಂದ್ರ ಇದು."

"ಅಮ್ಮ ಕೊಟ್ಟ ಕೈಖರ್ಚಿನಾಗ ಉಳದದ್ದೇನಪ್ಪಾ?"

"ಮತ್ತ? ಅದರಾಗನ," ಎಂದೆ, ಎದೆಯುಬ್ಬಿಸಿ.

ಅವಳು ಒಳಗೆ ಹೋಗಿ ನಿಯಮಾವಳಿ ತಂದಳು. 'ಯಾವುದೇ ವ್ಯಕ್ತಿ', 'ಸಮಸ್ತ ಶಿಲ್ಕು' ಎಂಬಲ್ಲಿ ಸ್ವಲ್ಪ ನಿಧಾನವಾಗಿ ಓದಿದಳು. ಇದು ನಿಯಮ ಬರುವ ಮುಂಚಿನ ಉಳಿತಾಯ ಎಂದು ವಾದಿಸಿದೆ. ಹಾಗೆಂದು ವಿನಾಯಿತಿ ಎಲ್ಲಿ ಬರೆದಿದೆ ತೋರಿಸು ಎಂದಳು. ಆ ಪ್ರಶ್ನೆ ನನ್ನದು; ಮೂವತ್ತು ವರ್ಷ ನಾನೇ ಕೇಳಿದ್ದು. ಅಂದು ತಿಂಗಳ ಕೊನೆಯ ದಿನ. ಮಂಜೂರು ಮಾಡಿದವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಡಬ್ಬಿ ಎತ್ತಿಕೊಂಡು ಹೋದರು.

ಮರುದಿನ ಹರ್ಷದಾಳ ಕಾಲಿಗೆ ಹೊಸ ಚಪ್ಪಲಿ ಬಂತು. ಸಂಜೆ ಟೆಂಪೋದಲ್ಲಿ ಆ ಕುರ್ಚಿಯೇ ಬಂತು. ನನ್ನ ಕಣ್ಣು ತುಂಬಿತು. ಎಷ್ಟಾದರೂ ಹೆಂಡತಿ ಎಂದುಕೊಂಡು ಬಾಲ್ಕನಿಗೆ ನಡೆದೆ. ಅಷ್ಟರಲ್ಲಿ ಅನುರಾಧಾ ಅದರಲ್ಲಿ ಕೂತು ಕಾಲು ಚಾಚಿದ್ದಳು.

"ಇದು ನಾ ಕೂಡಾಕ..." ಎಂದೆ.

"ನಿಮಗ ಸರ್ಕಾರ ನಿವೃತ್ತಿ ಕೊಡತೈತಿ. ನನಗ ಯಾರು ಕೊಡ್ತಾರ್ರೀ?"

ಕಣ್ಣು ಮುಚ್ಚಿಯೇ ಹೇಳಿದಳು, ಸಿಟ್ಟಿನಿಂದಲ್ಲ. ಅವಳ ಹಿಮ್ಮಡಿಯ ಬಿರುಕುಗಳನ್ನು ನಾನು ನೋಡಿದ್ದು ಆಗಲೇ. ಒಳಗೆ ಹೋಗಿ ರಾತ್ರಿಯ ಅನ್ನಕ್ಕೆ ನಾನೇ ಇಟ್ಟೆ. (ಸೀದಿತು.)

ಆದರೂ ಆಸೆ ಬಿಡಬೇಕಲ್ಲ. ಭಾನುವಾರ ಒಂದು ಗಂಟೆ ಕುರ್ಚಿ ಬಳಸಲು ಅನುಮತಿ ಕೋರಿ, ಸೊಂಟದ ಎಕ್ಸ್-ರೇ ಲಗತ್ತಿಸಿ, ಮಗಳ ಮೂಲಕ ಅನುರಾಧಾಳಿಗೆ ಅರ್ಜಿ ಕೊಟ್ಟೆ. ಕಾಗದಕ್ಕೇನೂ ಕೊರತೆ ಇರಲಿಲ್ಲ. ಅರ್ಜಿ ನಿನ್ನೆ ವಾಪಸು ಬಂತು. ಅಂಚಿನಲ್ಲಿ ಹರ್ಷದಾಳ ದುಂಡು ಅಕ್ಷರದಲ್ಲಿ ಒಂದೇ ಒಂದು ಪದವಿತ್ತು: 'ಚರ್ಚಿಸಿ'.

ಮಂದಿಯ ಕಡತಗಳ ಮೇಲೆ ಜೀವಮಾನವಿಡೀ ನಾನೇ ಬರೆದ ಪದವದು. ಹಾಗೆ ಬರೆದ ಮೇಲೆ ಯಾರೊಂದಿಗೂ ನಾನು ಚರ್ಚಿಸಿದ್ದಿಲ್ಲ.