ಬೇಪಿಯ ಕೊಡೆ ಹರಕೆ

ಅಂದು ಬೆಳಿಗ್ಗೆ ಊರಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಇಗರ್ಜಿಯ ಗೋಪುರ ಕಾಣುತ್ತಿರಲಿಲ್ಲ, ಗಂಟೆ ಮಾತ್ರ ಕೇಳುತ್ತಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಆದರೂ ಪಕ್ಕದ ಮನೆಯ ನೋರ್ಮಾ ಕಪ್ಪು ಕೊಡೆ ಹಿಡಿದು ಬೇಪಿಯ ಬಾಗಿಲಿಗೆ ಬಂದಳು.

"ಪಾದುವಾದಲ್ಲಿ ಮಳೆ ಹಿಡಿಯತ್ತೆ, ತಗೊಂಡ್ಹೋಗು. ನಮ್ಮೆಜಮಾನ್ರದು. ಅವರು ತೀರಿಹೋದ್ಮೇಲೆ ಯಾರ ಕೈಗೂ ಕೊಟ್ಟಿಲ್ಲ. ಕಳೆದ್ಯೋ, ಮತ್ತೆ ಮುಖ ತೋರಿಸ್ಬೇಡ!"

"ನಾನು ಕಳೀತೀನಾ ಅಕ್ಕಾ?" ಎಂದ ಬೇಪಿ. ಹಿಂದೆ ತನ್ನ ಕ್ಷೌರದಂಗಡಿಯಲ್ಲಿ ಒಬ್ಬರ ಅರ್ಧ ಗಡ್ಡ ಬೋಳಿಸಿ ಕಾಫಿಗೆ ಹೋಗಿ, ಸಂಜೆ ನೆನಪಾಗಿ ಓಡಿಬಂದ ಮಹಾನುಭಾವ ಅವನು. ಅಷ್ಟರಲ್ಲಿ ಪಾದುವಾಕ್ಕೆ ಹೊರಟ ಯಾತ್ರೆಯ ಬಸ್ಸು ಹಾರ್ನ್ ಬಾರಿಸಿತು. ಎರಡೂ ಕೈಯಲ್ಲಿ ಬೀಗದೊಡನೆ ಗುದ್ದಾಡಿ, ಬಾಗಿಲು ಭದ್ರಪಡಿಸಿ ಓಡಿದ.

ಪಾದುವಾದಲ್ಲಿ ಕಾಫಿ ಕುಡಿದು ಹೊರಬಂದರೆ ಮಳೆ ಹನಿಯಿತು. ಕೊಡೆ ಬಿಚ್ಚಲು ಕೈಯೆತ್ತಿದ. ಕೈಯಲ್ಲಿ ಗಾಳಿ ಮಾತ್ರ ಇತ್ತು.

ಕಾಫಿ ಅಂಗಡಿಯ ಮೇಜುಗಳ ಕೆಳಗೆ ತೂರಿದ; ಯಾರದೋ ನಾಯಿ ಗುರ್ರೆಂದಿತು. ಸಂತೆಯಲ್ಲಿ ಕುಂಬಳಕಾಯಿ ರಾಶಿಯ ಹಿಂದೆ ಇಣುಕಿ ಬೈಸಿಕೊಂಡ. ಜೊತೆಗಿದ್ದ ಗೆಳೆಯ ಜೆಲಿಂದೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಕಳೆದದ್ದನ್ನ ಹುಡುಕಿಕೊಡೋ ಸಂತ ಆಂತೋನಿಯವರ ಊರಿಗೇ ಬಂದು ಕಳ್ಕೊಂಡ್ಯಲ್ಲೋ ಮಾರಾಯ! ಹೋಗಿ ಅವ್ರನ್ನೇ ಕೇಳು. ಬರೀ ಬಾಯಲ್ಲಿ ಕೇಳ್ಬೇಡ, ಏನಾದ್ರೂ ಬಿಡ್ತೀನಿ ಅಂತ ಹರಕೆ ಹೊರು."

"ಏನು ಬಿಡ್ಲಿ?"

"ವೈನು!"

ಬೇಪಿ ಬೆರಳು ಮಡಿಸಿ ಲೆಕ್ಕ ಹಾಕಿದ. ಮುಂದಿನ ವಾರವೇ ಸಂತ ಮಾರ್ತಿನರ ಹಬ್ಬ, ಹೊಸ ವೈನಿನ ಪೀಪಾಯಿ ತೆರೆಯುವ ದಿನ. ಆದರೆ ನೋರ್ಮಾಳ ಮುಖ ಕಣ್ಮುಂದೆ ಬಂತು. ಇಗರ್ಜಿಯೊಳಗೆ ಸಂತರ ಸಮಾಧಿಯ ತಣ್ಣನೆಯ ಕಲ್ಲಿಗೆ ಅಂಗೈಯೊತ್ತಿ, ಹಿಂದಿನ ಸಾಲಿಗೆಲ್ಲ ಕೇಳುವಂತೆ ಬೇಡಿಕೊಂಡ: "ಕೊಡೆ ನೋರ್ಮಕ್ಕನ ಮನೆ ಸೇರ್ಲಿ ತಂದೆ, ಈಸ್ಟರ್‌ವರೆಗೆ ಒಂದು ತೊಟ್ಟೂ ಮುಟ್ಟಲ್ಲ!"

ಹೊರಬಂದರೆ ಕಂಬಕ್ಕೆ ಒರಗಿ ನಿಂತಿತ್ತು, ಮರದ ಹಿಡಿಯ ಕಪ್ಪು ಕೊಡೆ! ಬೇಪಿ ಅದನ್ನು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕಂತೆ ಅವಚಿಕೊಂಡ.

ಬಸ್ಸಿಗೆ ಕೊನೆಯಲ್ಲಿ ಹತ್ತಿದವರು ಊರಿನ ಪಾದ್ರಿ ಡಾನ್ ಫ್ಲಾವಿಯೋ. ನೆನೆದ ಕೋಳಿಯಂತಾಗಿದ್ದರು. "ಆಕ್ಷೀ! ಇಗರ್ಜಿ ಬಾಗಿಲಲ್ಲಿಟ್ಟಿದ್ದ ನನ್ನ ಕೊಡೆ ಯಾರೋ ಎತ್ಕೊಂಡ್ಹೋದ್ರಪ್ಪ."

"ಸಂತರ ಬಾಗಿಲಲ್ಲೇ! ಎಂಥ ಪಾಪಿ ಇರ್ಬೇಕು ಅವ್ನು!" ಎಲ್ಲರಿಗಿಂತ ಜೋರಾಗಿ ಬೈದವನು ಬೇಪಿ. ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಉಪದೇಶವನ್ನೂ ಮಾಡಿದ: "ಒಂದು ಹರಕೆ ಹೊತ್ಕೊಳ್ಳಿ ಸ್ವಾಮಿ. ನಂಬಿಕೆ ಇರ್ಬೇಕು ಅಷ್ಟೇ. ನಂಗೆ ಸಿಗ್ಲಿಲ್ವಾ?"

ಪಾದ್ರಿಗಳು ವಿನಯದಿಂದ ಕಣ್ಣುಮುಚ್ಚಿ ಕೈಮುಗಿದರು.

ಸಂಜೆ ಬೇಪಿ ಗೆದ್ದವನ ಗತ್ತಿನಲ್ಲಿ ನೋರ್ಮಾಳ ಮುಂದೆ ಕೊಡೆ ಚಾಚಿದ.

"ಇದ್ಯಾರದೋ?"

"ನಿಮ್ದೇ ಅಕ್ಕಾ!"

"ನಮ್ದನ್ನ ನೀನು ಬೀಗ ಹಾಕ್ವಾಗ ಗೋಡೆಗೆ ಒರಗಿಸಿ ಓಡಿದ್ಯಲ್ಲೋ. ಆಗ್ಲೇ ತಂದು ಒಳಗಿಟ್ಟೆ."

ಅವಳ ಹಿಂದೆ, ಮೊಳೆಯಲ್ಲಿ ಯಜಮಾನರ ಕೊಡೆ ಒಂದು ಹನಿಯೂ ತಾಗದೆ ತೂಗುತ್ತಿತ್ತು. ಬೇಪಿ ಕೈಯಲ್ಲಿದ್ದುದರ ಹಿಡಿಯನ್ನು ತಿರುಗಿಸಿ ನೋಡಿದ. ಅಲ್ಲೊಂದು ಪುಟ್ಟ ಶಿಲುಬೆಯ ಕೆತ್ತನೆಯಿತ್ತು. ಸಂತರು ಅವನು ಬೇಡುವ ಮೊದಲೇ ನಡೆಸಿಕೊಟ್ಟಿದ್ದರು. ಹರಕೆ ಮಾತ್ರ ಹರಕೆಯೇ.

ಅವನು ಪಾದ್ರಿಗಳ ಮನೆಗೆ ಹೋದಾಗ ಡಾನ್ ಫ್ಲಾವಿಯೋ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದರು. ಒಲೆಯ ಮೇಲೆ ಲವಂಗ ಹಾಕಿದ ವೈನು ಘಮಘಮಿಸುತ್ತಿತ್ತು.

"ಬಾ ಬೇಪಿ, ಶೀತಕ್ಕೆ ಅಂತ ಕಾಯಿಸ್ದೆ. ನೀನೂ ಒಂದು ಲೋಟ... ಅಯ್ಯೋ, ನಿಂಗೆ ಹರಕೆ ಅಲ್ವಾ?"

ಬೇಪಿ ಬೆನ್ನ ಹಿಂದಿದ್ದ ಕೊಡೆಯನ್ನು ಮೆಲ್ಲನೆ ಮುಂದೆ ತಂದು ಅವರ ಕೈಗಿಟ್ಟ.